ಆದರೆ

ಒಂದು ಕ್ವಾರ್ಟರಿಗೆ ಏಳು ನಿಮಿಷ.
ಐದು ಹಾಕಿದರೆ ಡ್ರೈಯರು ಮೂವತ್ತೈದು ನಿಮಿಷ ತಿರುಗುತ್ತದೆ.
ಲಾ ಸ್ಕೂಲಿನ ಪ್ರವೇಶ ಪರೀಕ್ಷೆಯ ಒಂದು ಭಾಗವೂ ಅಷ್ಟೇ.
ಬೇರೆ ಗಡಿಯಾರ ನಾನು ಕೊಂಡಿಲ್ಲ.

ಟೊಲೀಡೊ. ರಾತ್ರಿ ಹನ್ನೊಂದೂವರೆ.
ಹೊರಗೆ ಹಿಮಕ್ಕೆ ಉಪ್ಪು ಎರಚುತ್ತ ಹೋಗುವ ಲಾರಿ.
ಹನ್ನೆರಡನೇ ನಂಬರಿನ ಗಾಜಿನ ಹಿಂದೆ
ಯಾರದೋ ಆಸ್ಪತ್ರೆಯ ಸಮವಸ್ತ್ರ, ಒಂಟಿ ಕಾಲುಚೀಲ
ಏಳುತ್ತವೆ, ಬೀಳುತ್ತವೆ.
ಕೌಂಟರಿನ ಮೇಲೆ ಚೆಲ್ಲಿದ ಸೋಪಿನ ಪುಡಿ ಒರೆಸಿ
ಪುಸ್ತಕ ಬಿಚ್ಚಿದರೆ ಮೊದಲ ಪ್ರಶ್ನೆ:
ಕೆಳಗಿನವುಗಳಲ್ಲಿ ಯಾವುದು ನಿಜವಾಗಿರಲೇಬೇಕು?

ಇರಬಹುದು ಅಂತಲ್ಲ. ಇರಲೇಬೇಕು.
ನಲವತ್ತಮೂರು ವರ್ಷ ಈ ಎರಡರ ಸಂದಿಯಲ್ಲೇ
ಸಂಸಾರ ಮಾಡಿದವಳು ನಾನು.

ನಿಯಮ ಹೀಗಿದೆ: 'ಇದಾದರೆ ಅದು' ಎಂಬುದನ್ನು
ಸುಮ್ಮನೆ ತಿರುವಿ ಹಾಕಬಾರದು.
ತಿರುವುವುದಾದರೆ ಎರಡೂ ಕಡೆ 'ಇಲ್ಲ' ಹಚ್ಚಬೇಕು,
ಅಂಗಿಯ ಒಳಮೈ ಹೊರಗೆ ಮಾಡಿದ ಹಾಗೆ.
ಅಜ್ಜಿಯ ಗಾದೆ ಹಾಕಿ ನೋಡಿದೆ.
ಮಾತು ಬಲ್ಲವನಿಗೆ ಜಗಳವಿಲ್ಲ.
ತಿರುವಿದರೆ: ಜಗಳ ಇರುವವನು ಮಾತು ಬಲ್ಲವನಲ್ಲ.
ಹಾಗಿದ್ದರೆ ವಕೀಲರು?
ಪೆನ್ಸಿಲ್ ಕಚ್ಚಿಕೊಂಡು ಒಬ್ಬಳೇ ನಕ್ಕೆ.

ಡೆಲ್ಫೀನಳಿಗೆ ಯಾರೊಂದಿಗೂ ಜಗಳ ಇರಲಿಲ್ಲ.
ಎರಡು ತಿಂಗಳ ಬಾಡಿಗೆ ಬಾಕಿ ಇತ್ತು,
ನವೆಂಬರಿನಿಂದ ಕೆಟ್ಟು ಕೂತ ಹೀಟರ್ ಇತ್ತು,
ಮನೆ ಮಾಲೀಕನಿಗೆ ಬರೆದ ಹದಿನಾಲ್ಕು ಕಾಗದದ ನಕಲು
ಕೈಚೀಲದಲ್ಲಿ, ರಬ್ಬರ್ ಬ್ಯಾಂಡ್ ಹಾಕಿ.
ಜೊತೆಗೆ ಬಾ ಅಂದಳು. ಹೋದೆ.
ನ್ಯಾಯಾಧೀಶರು ಕೇಳಿದ್ದು ಒಂದೇ: ಬಾಕಿ ಇದೆಯೇ?
ಇದೆ, ಅಂದಳು. ಸುಳ್ಳು ಬಾರದವಳು.
ನಾಲ್ಕು ನಿಮಿಷ.
ಒಂದು ಕ್ವಾರ್ಟರು ಕೂಡ ಪೂರ್ತಿ ಸವೆಯಲಿಲ್ಲ.
ರಬ್ಬರ್ ಬ್ಯಾಂಡ್ ಬಿಚ್ಚಲೇ ಇಲ್ಲ.

ಹಿಂದಿನ ಬೆಂಚಿನಲ್ಲಿ ನನ್ನ ಬಾಯೊಳಗೆ
'ಆದರೆ' ಎಂಬ ಮೂರಕ್ಷರ
ಹಿಂಡದ ಟವೆಲಿನ ಭಾರಕ್ಕೆ ಕೂತಿತ್ತು.

ಇಲ್ಲಿ ಅದಕ್ಕೆ ಎರಡು ಬೇರೆ ಬೇರೆ ಮಾತು.
ನಮಗೆ ಒಂದೇ ಸಾಕು:
ಷರತ್ತು ಹಾಕುವಾಗಲೂ ಆದರೆ,
ತಕರಾರು ಎತ್ತುವಾಗಲೂ ಆದರೆ.
ಪುಸ್ತಕದಲ್ಲಿ ಈ ಪಾಠ ಇಲ್ಲ, ಅಂಕವೂ ಇಲ್ಲ.

ಅರ್ಜಿಯಲ್ಲಿ ಸರ್ವಮಂಗಳಾ ಎಂದು ತುಂಬಿದ್ದೇನೆ,
ಇಲ್ಲಿ ಎದೆಯ ಬಿಲ್ಲೆಯಲ್ಲಿ ಬರೀ 'ಸಾರ್'.
ಇವತ್ತು ಇಪ್ಪತ್ತಾರಕ್ಕೆ ಹದಿನೇಳು ಸರಿ.
ನಿನ್ನೆ ಹದಿನೆಂಟಿತ್ತು.
ಸಮವಸ್ತ್ರದವಳು ಬಂದು ಬಿಸಿ ಬಟ್ಟೆ ಅಪ್ಪಿಕೊಂಡು ಹೋದಳು,
ಕಾಲುಚೀಲ ಬಿಟ್ಟೇ.

ಯಾರೂ ಇಲ್ಲ. ಮುಚ್ಚಲು ಇನ್ನೂ ಹೊತ್ತಿದೆ.
ನನ್ನ ಜೇಬಿನಿಂದಲೇ ಐದು ತೆಗೆದು
ಖಾಲಿ ಡ್ರೈಯರಿಗೆ ಹಾಕಿದೆ.