ಟೇಪು

ನೇವಿಯವರು ವಿಶಾಖಪಟ್ಟಣಕ್ಕೆ ವರ್ಗವಾಗಿ ಹೋಗುವಾಗ
ಹೊಲಿಯಲು ಕೊಟ್ಟ ಪ್ಯಾಂಟು ಒಯ್ದರು, ನಾಯಿಯನ್ನು ಬಿಟ್ಟರು.
ನನ್ನ ಮೊಣಕಾಲಿಗಿಂತ ಗಿಡ್ಡ,
ಉದ್ದ ಮಾತ್ರ ಕಟಿಂಗ್ ಟೇಬಲ್ಲಿನ ಅರ್ಧ.
ಟೇಪು ಎಂದು ಕರೆದೆ. ಬಂತು.

ಹೋಳಿಯ ಮರುದಿನ ಮಂಚದಿಂದ ಹಾರಿತು,
ದಿನವೂ ಹಾರುವ ಹಾಗೆಯೇ.
ಮುಂಗಾಲು ಅಡುಗೆಮನೆಗೆ ಹೊರಟವು,
ಹಿಂಗಾಲು ಬರಲಿಲ್ಲ.
ಟಾಕು ಮಾತ್ರ ಹಾಕಿ ಬಿಟ್ಟ ತೋಳಿನಂತೆ
ಅರ್ಧ ಮೈ ಜೋತುಕೊಂಡು ನೆಲ ಒರೆಸುತ್ತ ಬಂತು.

ಕಾಜುಬಾಗದ ಡಾಕ್ಟರು ಸುಲಕ್ಷಾ ಪೆಡ್ನೇಕರ್
ಇಕ್ಕಳದಲ್ಲಿ ಅದರ ಬೆರಳು ಹಿಡಿದು ಹಿಂಡಿದರು.
ಟೇಪು ತಿರುಗಿ ಹಲ್ಲು ತೋರಿಸಿತು.
"ನೋವಾಯಿತು ನೋಡಿ!" ಎಂದರು, ನಗುತ್ತ,
ಹೆರಿಗೆ ಕೋಣೆಯಿಂದ ಹೊರಬಂದವರ ಹಾಗೆ.

ಆಪರೇಷನ್ನಿಗೆ ಗೋವೆ. ಖರ್ಚು ಚೀಟಿಯ ಹಿಂದೆ ಬರೆದರು.
ಮಡಚಿ ಗುಂಡಿಯ ಡಬ್ಬಿಗೆ ಹಾಕಿದೆ.
ಇಲ್ಲವಾದರೆ ಆರು ವಾರ.
ಹಾರಬಾರದು. ಓಡಬಾರದು. ಎಣ್ಣೆ ತಿಕ್ಕಬೇಡಿ, ಎಳೆಯಬೇಡಿ.
ಸುಮ್ಮನೆ ಇಡಿ.
ನಲವತ್ತು ವರ್ಷ ಏನನ್ನಾದರೂ ಕತ್ತರಿಸಿ, ಜೋಡಿಸಿ, ಬಿಚ್ಚಿ,
ಮತ್ತೆ ಹೊಲಿದ ಕೈಗೆ ಹೇಳಿದ ಮಾತು ಅದು.

ಬೈತಖೋಲದಿಂದ ಹರಿದ ಬಲೆ ತಂದು
ಕಟಿಂಗ್ ಟೇಬಲ್ಲಿನ ಕಾಲುಗಳಿಗೆ ಸುತ್ತಿದೆ.
ಮೇಲೆ ನನ್ನ ಕತ್ತರಿ, ಕೆಳಗೆ ಅದರ ಉಸಿರು.
ಅರ್ಧ ಮಾತ್ರೆ ಇಡ್ಲಿಯೊಳಗೆ.
ಮೂತ್ರವೂ ನನ್ನ ಬೆರಳಿನಿಂದ: ಹೊಟ್ಟೆಯ ಕೆಳಗೆ ನಿಂಬೆಯಷ್ಟು ಉಬ್ಬು,
ಸೂಜಿಗೆ ದಾರ ಪೋಣಿಸುವ ಹೊತ್ತಿನಂತೆ ಉಸಿರು ಹಿಡಿದು
ಮೆಲ್ಲಗೆ ಒತ್ತಬೇಕು. ರಾತ್ರಿ ಎರಡಕ್ಕೂ ಒಮ್ಮೆ.
ಅದು ನನ್ನ ಮುಖ ನೋಡದೆ ಗೋಡೆ ನೋಡುತ್ತಿತ್ತು.
ನಾನೂ ಗೋಡೆಯನ್ನೇ.

ಹರಿಕಂತ್ರರ ಶೆವಂತಿ ಬುಟ್ಟಿ ಇಳಿಸಿ, ಬಗ್ಗಿ ನೋಡಿ,
ಮೀನೆಣ್ಣೆ ಹಚ್ಚು ಅಂದಳು.
ಒಂದು ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡು ಅಂದ, ಕಾಜ ಹಾಕಿಸಲು ಬಂದವನೊಬ್ಬ.
ನಾನು ಮಷೀನು ಜೋರಾಗಿ ತುಳಿದೆ.
ರುಕ್ಮಾ ಅಂದಳು, "ಕಾಳಿಯ ಹಳೆ ಸೇತುವೆಯ ಹಾಗೇ ಇದೂ,
ಅಷ್ಟುದ್ದ ಬೆನ್ನು, ಇಷ್ಟೇ ಕಂಬ."
ಸೇತುವೆ ಬಿದ್ದ ರಾತ್ರಿ ಕೋಡಿಬಾಗದಲ್ಲಿ ನಾವೂ ಎದ್ದು ಕೂತವರೇ.
ಹಾಗನ್ನಬೇಡ ಎಂದೆ. ಸೇತುವೆಯ ಕಾಲು ಹಿಂಡಿದರೆ
ಅದು ತಿರುಗಿ ಹಲ್ಲು ತೋರಿಸುತ್ತದೆಯೇ?

ಮೂರನೆಯ ವಾರ, ಸಿಗಡಿ ಹುರಿಯುವ ಹೊತ್ತು,
ಟೇಬಲ್ಲಿನ ಕೆಳಗೆ ಏನೋ ಟಪ್ ಎಂದಿತು.
ಇಲಿ ಇರಬೇಕು ಎಂದುಕೊಂಡೆ.
ಇನ್ನೊಮ್ಮೆ ಟಪ್.
ಬಾಲ.

ಉಳಿದಿದ್ದ ಬಿಳಿ ಡ್ರಿಲ್ಲಿನಲ್ಲಿ ಹೊಟ್ಟೆಗೊಂದು ಜೋಲಿ ಹೊಲಿದೆ.
ಸೊಂಟ ಹದಿನೈದು ಇಂಚು, ಎರಡೆರಡು ಹೊಲಿಗೆ.
ಅಂಗಳದ ತುದಿಗೆ ಐದು ನಿಮಿಷ,
ಅದರ ಹಿಂಭಾರ ನನ್ನ ಮುಷ್ಟಿಯಲ್ಲಿ.
ಪಾದ ಮಗುಚಿಕೊಳ್ಳುತ್ತದೆ; ಬಗ್ಗಿ ತಿರುಗಿಸಿ ಇಡುತ್ತೇನೆ;
ನನ್ನ ಬೆನ್ನೂ ಕಟಕ್ ಎನ್ನುತ್ತದೆ.
ರಾವ್, ಎನ್ನುತ್ತೇನೆ.
ಕನ್ನಡ ಅದಕ್ಕೆ ಬಾರದು, ಸಾಹೇಬರ ಹಿಂದಿ ಮರೆತಿದೆ,
ಕೊಂಕಣಿಯ ಇದೊಂದು ಮಾತು ಹಿಡಿದಿದೆ.
ನಿಲ್ಲು, ತಡೆ, ಇಲ್ಲೇ ಇರು, ಬದುಕಿರು:
ನಮ್ಮಲ್ಲಿ ಎಲ್ಲಕ್ಕೂ ಅದೇ. ರಾವ್.

ಆರು ವಾರ ಹೋಗಿ ಎಂಟಾಯಿತು.
ನಡೆಯುತ್ತದೆ, ಬೆಲ್ಟು ಸಡಿಲಾದ ಮಷೀನಿನ ಹೊಲಿಗೆಯ ಹಾಗೆ:
ನಾಲ್ಕು ಸರಿ, ಒಂದು ತಪ್ಪು, ಮೂರು ಸರಿ.
ಇಷ್ಟೇ ಆಗಬಹುದು ಎಂದರು ಡಾಕ್ಟರು. ಆಗಲಿ.
ಮಂಚದ ಕಾಲು ಗರಗಸದಲ್ಲಿ ಕೊಯ್ದೆ.
ರುಕ್ಮಾಳಿಗೆ ಏಳುವಾಗ ಮಂಡಿ ನೋವು; ನನ್ನನ್ನೇ ಬೈಯುತ್ತಾಳೆ.
ಆ ಚೀಟಿ ಇನ್ನೂ ಗುಂಡಿಗಳ ಅಡಿಗಿದೆ,
ಎಸೆಯಲು ಕೈ ಬಂದಿಲ್ಲ.

ನಿನ್ನೆ ರಾತ್ರಿ ಟೇಪು ಮಂಚದ ಕಡೆ ನೋಡಿತು,
ಆಮೇಲೆ ನನ್ನ ಕಡೆ, ಆಮೇಲೆ ಮಂಚದ ಕಡೆ.
ನಾನು ಬಾಯಿ ತೆರೆಯುವ ಮೊದಲೇ
ಕೂತುಕೊಂಡಿತು.