ಉಲ್ಟಾ ಸುತ್ತು

ಓಡಬೇಕಾಗಿದ್ದು ನಾನಲ್ಲ, ಮಗಳು.
ಪೊಲೀಸ್ ಪರೀಕ್ಷೆ: ನಾನೂರು ಮೀಟರು, ಎರಡು ನಿಮಿಷ.
ಕುಂದವಾಡ ಕೆರೆ ಏರಿಯ ಮೇಲೆ ಬೆಳಗಿನ ಐದೂವರೆಗೆ
ಅವಳ ಚೀಲ, ನೀರಿನ ಬಾಟಲಿ ಹಿಡಿದು
ಮೊಬೈಲಿನಲ್ಲಿ ಹೊತ್ತು ನೋಡುತ್ತ ನಿಲ್ಲುವುದಷ್ಟೇ ನನ್ನ ಪಾಲು.
ಕಾರ್ತೀಕದ ಚಳಿ. ನಿಂತಲ್ಲಿ ನಿಲ್ಲಲಾರದೆ
ನಾಲ್ಕು ಹೆಜ್ಜೆ ಹಾಕಿದೆ.
ನಾಲ್ಕು ನಲವತ್ತಾಯಿತು,
ಸೀರೆ ಹೋಗಿ ಚೂಡಿದಾರ ಬಂತು,
ನಾನೇ ಹೊಲಿದದ್ದು, ಕಾಲು ಚಾಚಲೆಂದು
ನಾಲ್ಕು ಬೆರಳು ಬಟ್ಟೆ ಹೆಚ್ಚು ಬಿಟ್ಟು.

ಸಹನಾ ಪಾಸಾಗಿ ಕಲಬುರಗಿಗೆ ಟ್ರೇನಿಂಗಿಗೆ ಹೋದಳು.
ನನ್ನ ಕಾಲಿಗೆ ಆ ಸುದ್ದಿ ಮುಟ್ಟಲಿಲ್ಲ.
ಐದೂವರೆಗೆ ತಾನೇ ಎದ್ದು ಬೂಟು ಹುಡುಕಿತು.

ಆಷಾಢದ ಹೊತ್ತಿಗೆ ಎಡಮಂಡಿ ಮಾತು ಕಲಿಯಿತು.
ಮೊದಲು ಮೆಟ್ಟಿಲಿಳಿವಾಗ ಒಂದು ಟಕ್,
ಬಾಬಿನ್ನಿನಲ್ಲಿ ದಾರ ಸಿಕ್ಕಿದ ಸದ್ದು.
ಆಮೇಲೆ ಸೊಂಟ, ಬಲಕ್ಕೆ.
ಕೂತರೆ ಏಳಗೊಡದು, ಎದ್ದರೆ ಕೂರಗೊಡದು.
ಪೆಡಲಿನ ಮೇಲೆ ಪಾದ ಇಟ್ಟರೆ
ಮಂಡಿ ನನ್ನ ಮುಖವನ್ನೇ ನೋಡುತ್ತದೆ.
ಶ್ರಾವಣಕ್ಕೆಂದು ಬಂದ ಇಪ್ಪತ್ತಾರು ಬ್ಲೌಸು
ಮೂಲೆಯಲ್ಲಿ ಗಂಟು ಬಿಚ್ಚದೆ ಕೂತಿವೆ.

“ಈ ವಯಸ್ನಾಗೆ ಓಡಾಕೆ
ನಿನ್ನ ಯಾವ ಕಳ್ಳ ಬೆನ್ನತ್ತಿದ್ದ?” ಅಂದಳು ಕೊಟ್ರಮ್ಮ.
ಅಂದವಳೇ ಸಂಜೆ ಬಂದಳು,
ಮಂಡಕ್ಕಿ ಭಟ್ಟಿಯ ಬಿಸಿ ಮರಳನ್ನು
ಹಳೇ ಪಂಚೆಯಲ್ಲಿ ಗಂಟು ಕಟ್ಟಿಕೊಂಡು.
ಮಂಡಿಗಿಟ್ಟಾಗ ಹುರಿದಕ್ಕಿಯ ವಾಸನೆ.
ನೋವು ಒಂದು ಗಳಿಗೆ ಅರಳಿ ಹಗುರಾಯಿತು,
ಮರಳಾರಿದ ಮೇಲೆ
ಮತ್ತೆ ಅಕ್ಕಿಯಾಯಿತು.

ಎಕ್ಕದೆಲೆ ಕಟ್ಟಿದ್ದಾಯಿತು, ಎಕ್ಸರೇ ಆಯಿತು. ಮೂಳೆ ಸವೆದಿಲ್ಲವಂತೆ.
ಫಿಸಿಯೋಥೆರಪಿಯ ಹುಡುಗಿ ಫಿರ್ದೋಸ್
ಮಂಡಿ ಮುಟ್ಟುವ ಮೊದಲು ಕೇಳಿದಳು:
“ಅಕ್ಕಾ, ಕೆರೆ ಯಾವ ಕಡೆಗಿಟ್ಕೊಂಡು ಓಡ್ತೀರಿ?”

ಎಡಕ್ಕೆ. ದಿನಾ. ಎಲ್ಲರೂ ಹಾಗೇ.

ಚೀಟಿಯ ಹಿಂದೆ ಗೀಟೆಳೆದು ತೋರಿಸಿದಳು:
ದಾರಿ ನೀರಿನ ಕಡೆ ವಾಲಿದೆ,
ಎಂಟು ತಿಂಗಳಿಂದ ನಿಮ್ಮ ಎಡಗಾಲು
ಒಂದು ಬೆರಳು ತಗ್ಗಿನಲ್ಲಿದೆ.
ನಾಚಿಕೆಯಾಯಿತು.
ಲಂಗದ ಅಂಚು ಒಂದು ನೂಲು ಓರೆಯಾದರೂ
ಬೀದಿಯಾಚೆಯಿಂದ ಹಿಡಿಯುವ ಕಣ್ಣು ನನ್ನದು.

ಮೂರು ವಾರ ಓಟ ಬಂದ್.
ಗೋಡೆಗೆ ಬೆನ್ನು ಹಚ್ಚಿ
ಇಲ್ಲದ ಕುರ್ಚಿಯ ಮೇಲೆ ಕೂತು ಇಪ್ಪತ್ತು ಎಣಿಸಬೇಕು.
ಹದಿನಾಲ್ಕಕ್ಕೇ ತೊಡೆ ನಡುಗುತ್ತದೆ.
“ಪರೇಡಿಂದ ನಂಗೂ ಮಂಡಿ ಹಿಡದೈತಮ್ಮಾ” ಎಂದಳು ಸಹನಾ ಫೋನಿನಲ್ಲಿ.
ಅಲ್ಲೊಂದು ಗೋಡೆ, ಇಲ್ಲೊಂದು ಗೋಡೆ.
ಇಬ್ಬರೂ ಎಣಿಸಿದೆವು. ಹದಿನೇಳಕ್ಕೆ
ಯಾರು ಮೊದಲು ನಕ್ಕು ಬಿದ್ದರೋ ನೆನಪಿಲ್ಲ.

ಇವತ್ತು ಮತ್ತೆ ಏರಿಯ ಮೇಲೆ.
ಎರಡು ನಿಮಿಷ ನಡಿಗೆ, ಒಂದು ನಿಮಿಷ ಓಟ.
ಕೆರೆ ಬಲಕ್ಕೆ.
ಊರೆಲ್ಲ ನನಗೆದುರು.

ಇಷ್ಟು ದಿನ ಇವರೆಲ್ಲ ನನಗೆ ಬರೀ ಬೆನ್ನು.
ಬಿಳಿ ಬನಿಯನ್ನಿನ ಆ ಅಗಲ ಬೆನ್ನಿಗೆ
ಇಷ್ಟು ಸಣ್ಣ ಮುಖವೇ! ಮೀಸೆ ಪೂರಾ ನರೆತಿದೆ.
ದಿನಾ ಬಿರಬಿರನೆ ನಡೆವ ಮರೂನ್ ಬ್ಲೌಸಿನಾಕೆ,
ಭುಜ ಹದಿಮೂರೂವರೆ ಇಂಚು, ನಾನೇ ಹೊಲಿದದ್ದು,
ಎಲ್ಲೂ ಸುಕ್ಕಿಲ್ಲದ ನೆಟ್ಟ ಬೆನ್ನು,
ಅಳುತ್ತ ಬರುತ್ತಿದ್ದಳು.
ಸದ್ದಿಲ್ಲ. ಹೆಜ್ಜೆ ತಪ್ಪಿಲ್ಲ.
ಬೆನ್ನು ಒಂದು ದಿನವೂ ಹೇಳಿರಲಿಲ್ಲ.

ನನ್ನ ಕಂಡು ಸೆರಗಿನಿಂದ ಮುಖ ಒರೆಸಿ,
“ಇದೇನ್ರಿ, ಉಲ್ಟಾ ಬರಾಕತ್ತೀರಿ?”
“ಮಂಡಿ ನೋವ್ರಿ” ಅಂದೆ.

“ನಂದೂ” ಅಂದಳು,
ಮಂಡಿ ಮುಟ್ಟದೆ.