ಏಳನೇ ಬೀದಿ, ನಂಬರು ಹದಿನಾಲ್ಕು

ಮನೆ ಕಟ್ಟಿ ನೋಡು ಅನ್ನುತ್ತಾರೆ.
ಅಯೋನಿ ಗಿಟೆನ್ಸ್ ಕಟ್ಟಲೂ ಇಲ್ಲ, ನೋಡಲೂ ಇಲ್ಲ.
ಕೊಂಡಳು.

ಕ್ರಾಯ್ಡನ್ನಿನ ಬಸ್ ಡಿಪೋ. ಚಹಾ ವಿರಾಮ.
ಫೋನಿನ ಗಾಜಿನ ಮೇಲೆ ಹೆಬ್ಬೆರಳು ಊರಿ
ಹರಾಜು ಕೂಗುವವನ ಬಾಯನ್ನೇ ನೋಡುತ್ತ:
ಮೂವತ್ತೊಂದು ಸಾವಿರ, ಮೂವತ್ತೊಂದೂವರೆ,
ಇನ್ಯಾರಾದರೂ?
ಸುತ್ತಿಗೆ ಬಿದ್ದದ್ದು ಕೇಳಲಿಲ್ಲ,
ಪಕ್ಕದಲ್ಲಿ ಯಾರೋ ಮೈಕ್ರೋವೇವಿನ ಬಾಗಿಲು ಬಡಿದರು.

ಇಪ್ಪತ್ತೆರಡು ವರ್ಷದ ಓವರ್‌ಟೈಮು ಅದು.
ಕ್ರಿಸ್ಮಸ್ ಮರುದಿನದ ಪಾಳಿಗಳು,
ಕೊನೇ ಬಸ್ಸಿನಲ್ಲಿ ವಾಂತಿ ಮಾಡಿದ ಹುಡುಗರು.
ಲಂಡನ್ನಿನಲ್ಲಿ ಆ ದುಡ್ಡಿಗೆ
ಕಾರು ನಿಲ್ಲಿಸುವಷ್ಟು ಜಾಗ ಸಿಗುತ್ತಿತ್ತೇನೋ;
ಅವಳಿಗೆ ಕಾರಿಲ್ಲ.

ಇನ್ನೂರೆಪ್ಪತ್ತು ಮೈಲಿ ಬಡಗಲಿಗೆ, ಡರಮ್ ಕಡಲಂಚಿನಲ್ಲಿ
ಮುಚ್ಚಿಹೋದ ಕಲ್ಲಿದ್ದಲ ಗಣಿಯ ಊರು.
ಬೀದಿಗೆ ಹೆಸರಿಡುವ ಪುರುಸೊತ್ತೂ ಇರಲಿಲ್ಲ ಕಂಪನಿಗೆ:
ಒಂದನೇ ಬೀದಿ, ಎರಡನೇ ಬೀದಿ,
ಮಗ್ಗಿ ಬರೆದ ಹಾಗೆ ಇಟ್ಟಿಗೆ ಮನೆಗಳು,
ನಡುನಡುವೆ ತಗಡು ಹೊಡೆದು ಅಳಿಸಿದ ಕಿಟಕಿಗಳು.

ಪತ್ರದಲ್ಲಿ ಬರೆದಿತ್ತು:
ಮೇಲೆ ಎರಡು ಕೋಣೆ, ಕೆಳಗೆ ಎರಡು.
ನೆಲದಡಿಯ ಖನಿಜದ ಮೇಲೆ ಹಕ್ಕಿಲ್ಲ.
ಬಾಯ್ಲರು ಹಳತು.
ಒಳಗೆ ಬಾಡಿಗೆದಾರರಿದ್ದಾರೆ, ಒಬ್ಬರು.
ಎಲ್ಲ ಒಂದೇ ಅಳತೆಯ ಅಕ್ಷರ.

ಅಜ್ಜಿಯದು ಬಾರ್ಬಡೋಸಿನಲ್ಲಿ ಹಲಗೆಯ ಮನೆ,
ಕಬ್ಬಿನ ತೋಟದವರ ನೆಲದಲ್ಲಿ ಕಲ್ಲುಗಳ ಮೇಲೆ ಕೂರಿಸಿದ್ದು.
ಏಳು ಅಂದರೆ ಎದ್ದು, ಗೋಡೆ ಬಿಚ್ಚಿ ಗಾಡಿಗೆ ಹೇರುವುದು.
ಮೂರು ಸಲ ಹೇರಿದ್ದಳಂತೆ,
ಮೂರನೇ ಸಲ ಒಂದು ಕಿಟಕಿ ದಾರಿಯಲ್ಲಿ ಕಳೆದುಹೋಯಿತು.

ಅಯೋನಿಯ ಸ್ವಂತ ವಾಸ ಬಾಡಿಗೆಯದು, ಅಂಗಡಿಯ ಮೇಲೆ.
ಹನ್ನೊಂದು ವರ್ಷ. ಮಾಲೀಕ ಸೈಪ್ರಸ್ಸಿನಲ್ಲಿ,
ಬ್ಯಾಂಕಿನ ಖಾತೆಯಲ್ಲೊಂದು ಹೆಸರು.
ಮಲಗುವ ಕೋಣೆಯ ಸೂರಿನ ಒದ್ದೆ ಕಲೆಯ ಬಗ್ಗೆ
ಪ್ರತಿ ನವೆಂಬರು ಬರೆಯುತ್ತಾಳೆ.
ಪ್ರತಿ ಡಿಸೆಂಬರು ಉತ್ತರ ಬರುತ್ತದೆ: ನೋಡೋಣ.

ಆ ಡಿಸೆಂಬರು ಇನ್ನೊಂದು ಪತ್ರವೂ ಬಂತು.
ಏಜೆಂಟ್ ಹುಡುಗ: ಬಾಯ್ಲರು ಸತ್ತಿದೆ,
ವಿಲ್ಫ್ ಸ್ಟೋಕೋಗೆ ಎಪ್ಪತ್ತೊಂಬತ್ತು,
ಹೊಸತಕ್ಕೆ ಆರು ತಿಂಗಳ ಬಾಡಿಗೆಯಷ್ಟು ಖರ್ಚು,
ಅಲ್ಲಿಯವರೆಗೆ ಎಲೆಕ್ಟ್ರಿಕ್ ಹೀಟರು ಕೊಟ್ಟರೂ ನಡೆಯುತ್ತೆ,
ಅವನೇನು ದೂರುವವನಲ್ಲ, ಮೇಡಂ.

ಕೆಂಪು ದೀಪದಲ್ಲಿ ಬಸ್ಸು ನಿಂತಿತ್ತು.
ಬೆರಳು ತಾನಾಗಿ ಬರೆಯಿತು:
ನೋಡೋಣ.
ಹಿಂದಿನ ಕಾರು ಹಾರ್ನು ಹೊಡೆಯಿತು.
ಇಡೀ ಸರದಿ ಮುಗಿಯುವವರೆಗೆ ಆ ಪದ ಜೇಬಿನಲ್ಲಿತ್ತು, ಕಳಿಸದೆ.
ಡಿಪೋಗೆ ಬಂದು ಅಳಿಸಿ, ಹಾಕಿಸಿ ಅಂದಳು.
ಅಂದಮೇಲೆ, ಸುಳ್ಳೇಕೆ, ದುಡ್ಡಿಗಾಗಿ ಸ್ವಲ್ಪ ಅತ್ತಳು.

ಮಾರ್ಚಿನಲ್ಲಿ ಒಂದು ದಿನ ರಜೆ ಹಾಕಿ
ಬೇರೆಯವರು ಓಡಿಸುವ ಬಸ್ಸಿನಲ್ಲಿ ಕೂತು ಹೋದಳು.
ಬ್ರೇಕು ಬಿಗಿ ಅನ್ನಿಸಿತು.
ಹದಿನಾಲ್ಕರ ಬಾಗಿಲು ಹಸಿರು. ಫೋಟೋದಲ್ಲಿ ನೀಲಿ ಇತ್ತು.
ಕಡಲ ಗಾಳಿಗೆ ಟೋಪಿ ಹಿಡಿದುಕೊಂಡು ಬಡಿದಳು.

ಕಾಲುಚೀಲದಲ್ಲೇ ಬಂದ ಮುದುಕ, ಕಣ್ಣು ಕಿರಿದು ಮಾಡಿ,
"ಮೀಟರು ನೋಡೋಕೆ ಬಂದೆಯೇನಮ್ಮ?"
ಹೌದು ಅಂದುಬಿಟ್ಟಳು.

ಮೆಟ್ಟಿಲ ಕೆಳಗೆ ಟಾರ್ಚು ಹಿಡಿದವನು ಅವನು,
ಮಂಡಿಯೂರಿ ಓದಿದವಳು ಅವಳು.
ಕಾಗದವಿಲ್ಲ; ಟಿಕೆಟ್ಟಿನ ಬೆನ್ನಿಗೆ ಬರೆದುಕೊಂಡಳು.
ಗೋಡೆಗೆ ಕೈಯಿಟ್ಟಳು, ಸುಮ್ಮನೆ. ಬೆಚ್ಚಗಿತ್ತು.
"ಹೊಸ ಬಾಯ್ಲರು," ಅಂದ ಅವನು,
"ಮಾಲೀಕ ಲಂಡನ್ನಿನವನಂತೆ. ನೋಡಿಲ್ಲ.
ಹಿಂದಿನ ಐವರನ್ನೂ ನೋಡಿಲ್ಲ.
ಗಣಿ ಇದ್ದಾಗ ಮ್ಯಾನೇಜರು ಕುದುರೆ ಮೇಲೆ ಬರ್ತಿದ್ದನಂತೆ, ನನ್ನಪ್ಪ ಹೇಳ್ತಿದ್ದ.
ಚಹಾ ಕುಡೀತೀಯಾ?"

ಕುಡಿಯಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.
ಅಥವಾ ಹಾಗೆ ಹೇಳಿದಳು.

ರಾತ್ರಿ, ಕತ್ತಲ ಹೆದ್ದಾರಿಯಲ್ಲಿ ಟಿಕೆಟ್ಟು ತಿರುಗಿಸಿ
ಆ ಅಂಕಿಗಳನ್ನು ಮತ್ತೆ ಓದಿದಳು:
ಸೊನ್ನೆ, ನಾಲ್ಕು, ಏಳು, ಒಂದು, ಒಂದು.
ಯಾರಿಗೆ ಒಪ್ಪಿಸಬೇಕೋ ತಿಳಿಯಲಿಲ್ಲ.